ಸಾವಿನ ಮನೆಯ ಪದ

ಆ ರವಿವಾರ ಭಾಗ್ಯಶ್ರೀ ಡ್ಯೂಟಿ ಮುಗಿಸಿ ಸತ್ತೂರಿನ ಆಸ್ಪತ್ರೆಯಿಂದ ಅಮರಗೋಳದ ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹಿತ್ತಲ ಕಟ್ಟೆಯ ಮೇಲೆ ಅತ್ತೆ ಗೌರಕ್ಕ ಒದ್ದೆ ಕೂದಲನ್ನು ಬಿಸಿಲಿಗೆ ಹರವಿಕೊಂಡು ಕೂತಿದ್ದಳು. ಮಗಳು ವಾಣಿಶ್ರೀ ತಲೆಗೆ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಹೊರಬಂದಳು. ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ, ಅಜ್ಜಿ ಮೊಮ್ಮಗಳಿಬ್ಬರೂ ನಡುಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡಿದ್ದಾರೆಂದರೆ ಎಲ್ಲಿಗೆ ಹೋಗಿ ಬಂದಿದ್ದಾರೆಂದು ಕೇಳುವ ಅಗತ್ಯವಿರಲಿಲ್ಲ. ಭಾಗ್ಯಶ್ರೀ ಆದರೂ ಕೇಳಿದಳು.

"ಯಾರ ಮನಿಗೆ ಹೋಗಿದ್ರಿ ಅತ್ತಿ?"

"ಹಿಂದಿನ ಓಣಿ ಹಮಾಲ ಮೈಲಾರಿ ಮನಿಗೆ. ಅವನ ಮಗ ಗಾಡಿ ಮ್ಯಾಲಿಂದ ಬಿದ್ದು ಹೋಗ್ಯಾನ. ಇನ್ನೂ ಮದವಿ ಸೈತ ಆಗಿದ್ದಿಲ್ಲ, ಪಾಪ."

"ವಾಣೀನ್ನೂ ಕರಕೊಂಡು ಹೋಗಿದ್ರೇನು?"

"ಅಕಿ ಇಲ್ಲದ ಮ್ಯಾಳ ಹೆಂಗ ಆಗತೈತಿ ಭಾಗ್ಯಾ? ಪದ ಎತ್ತಾಕ ಅಕೀನ ಬೇಕಲಾ."

ಭಾಗ್ಯಶ್ರೀ ಚೀಲ ಇಟ್ಟು, ಕೈಕಾಲು ತೊಳೆದು ಅಡಿಗೆಮನೆಗೆ ಹೋದಳು.

ಗೌರಕ್ಕನ ಮಕ್ಕಳ ಮೇಳ ಆ ಓಣಿಗೆ ಹಳೆಯದು. ಗಂಡ ಚನ್ನಯ್ಯ ಬದುಕಿದ್ದಾಗಿನಿಂದ ಸಂಜೆಯಾದರೆ ಅವರ ಮನೆಯ ಪಡಸಾಲೆಯಲ್ಲಿ ಓಣಿಯ ಹುಡುಗರು ಬಂದು ಸಾಲಾಗಿ ಕೂಡುತ್ತಿದ್ದರು. ದೀಪದ ಮುಂದೆ ಗೌರಕ್ಕ ದಮ್ಮಡಿ ಬಡಿದು ಒಂದೊಂದೇ ಸಾಲು ಹೇಳಿಕೊಡುವಳು. ಮಕ್ಕಳು ತಾಳ ಹಾಕುತ್ತ ಹಾಡುವರು. ಶಿವನ ಪದ, ಗುರುವಿನ ಪದ, ಮೈ ಎಂಬುದು ಬಾಡಿಗೆಯ ಮನೆ ಎಂದು ಹೇಳುವ ಪದ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಈ ಮೇಳ ಹೋಗಿ ಹೆಣದ ಮುಂದೆ ಕೂತು, ಎತ್ತುವ ತನಕ ಹಾಡಬೇಕು. ದೊಡ್ಡವರ ಭಜನೆ ಮಂಡಳಿಗಳು ಬೇಕಾದಷ್ಟಿದ್ದವು. ಆದರೆ ಜನ ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ಗೌರಕ್ಕನ ಹುಡುಗರನ್ನೇ. ಮಕ್ಕಳ ಬಾಯಿಯ ಪದ ಹಗುರವಾಗಿರುತ್ತದೆ, ಸತ್ತವರ ಜೊತೆ ಬಹಳ ದೂರ ಹೋಗುತ್ತದೆ ಎಂದು ಅವಳು ಹೇಳುತ್ತಿದ್ದಳು, ಓಣಿ ನಂಬಿತ್ತು.

ಮೇಳದಲ್ಲಿ ವಾಣಿಯ ದನಿಯೇ ಬೇರೆ. ನಾಲ್ಕನೆಯ ಇಯತ್ತೆಯ ಹುಡುಗಿ, ತೆಳ್ಳಗೆ ಕಡ್ಡಿಯಂಥವಳು. ಬಾಯಿ ತೆರೆದರೆ ರಸ್ತೆಯಲ್ಲಿ ಹೋಗುವವರು ಸೈಕಲ್ಲು ನಿಲ್ಲಿಸುತ್ತಿದ್ದರು.

ಉಣ್ಣಲು ಕೂತಾಗ ಭಾಗ್ಯಶ್ರೀಯ ಗಂಡ ಗುರುಪಾದನೂ ಬಂದ. ಮಾರ್ಕೆಟ್ ಯಾರ್ಡಿನಲ್ಲಿ ಅವನದೊಂದು ಸಣ್ಣ ದಲಾಲಿ ಅಂಗಡಿ, ಹತ್ತಿ ಮತ್ತು ಕಡಲೆಯದು. ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ವಾಣಿ ಎರಡನೆಯ ರೊಟ್ಟಿ ಮುರಿಯುತ್ತ ಕೇಳಿದಳು.

"ಮಮ್ಮಿ, ಸತ್ತವ್ರ ಮೂಗಿನ್ಯಾಗ ಹತ್ತಿ ಯಾಕ ಇಡತಾರ?"

"ಉಣ್ಣೂ ಮುಂದ ಅದನ್ನೆಲ್ಲ ಮಾತಾಡಬಾರದು."

"ಆ ಅಣ್ಣನ ತಲಿಗೆ ಬಟ್ಟಿ ಕಟ್ಟಿದ್ರು. ಒಂದ್ ಕಡೆ ಕೆಂಪಗಾಗಿತ್ತು. ಅಜ್ಜಿ ಹೇಳಿದ್ಲು, ಎಲ್ಲಾರೂ ಒಂದಿನ ಹಂಗ ಆಗತೇವಂತ. ನಾನೂ, ನೀನೂ, ಪಪ್ಪಾನೂ. ಹೌದಲ್ಲ ಅಜ್ಜಿ?"

"ಹೌದ ನನ್ನ ಬಂಗಾರಾ," ಎಂದಳು ಗೌರಕ್ಕ, ಚಟ್ನಿಗೆ ಎಣ್ಣೆ ಹಾಕಿಕೊಳ್ಳುತ್ತ.

ಭಾಗ್ಯಶ್ರೀ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದಳು. ಕೈಯೆಲ್ಲ ಹಿಟ್ಟು.

"ವಾಣೀ, ತಾಟ ತಗೊಂಡು ಹೊರಗ ಹೋಗಿ ಉಣ್ಣು." ಹುಡುಗಿ ಹೋದ ಮೇಲೆ ಅತ್ತೆಯ ಕಡೆ ತಿರುಗಿದಳು. "ಅತ್ತಿ, ಇದು ಬಂದ್ ಆಗಬೇಕ್ರಿ. ಒಂಬತ್ ವರ್ಷದ ಕೂಸದು. ತಲಿ ಒಡಕೊಂಡ ಹೆಣದ ಮುಂದ ಕುಂತು ಹಾಡೂ ವಯಸ್ಸೇನ್ರಿ ಅಕೀದು?"

"ನಾ ಅಕಿಗಿಂತ ಸಣ್ಣಾಕಿದ್ದಾಗಿಂದ ಹಾಡೇನಿ. ನನಗೇನಾತು?"

"ಆ ಕಾಲ ಬ್ಯಾರೆ. ಆವಾಗ ಹುಡುಗ್ರಂದ್ರ ಸಣ್ಣ ಮೈಯಿನ ದೊಡ್ಡವ್ರು ಅಂತ ತಿಳಕೊಂಡಿದ್ರು. ನಾ ದಿನಾ ಹುಡುಗ್ರ ವಾರ್ಡಿನ್ಯಾಗ ಇರತೇನ್ರಿ. ಅಲ್ಲಿ ಬರೂ ಕೂಸುಗೋಳು ನೋಡಬಾರದ್ದನ್ನೆಲ್ಲ ನೋಡಿರತಾವು. ನನ್ನ ಮಗಳಿಗರೆ ಅದು ಬ್ಯಾಡ. ಅಕಿ ಆಡ್ಲಿ, ಉಣ್ಲಿ, ನಿದ್ದಿ ಮಾಡ್ಲಿ. ಸಾವು ಗೀವು ಮುಂದ ಗೊತ್ತಾಗೂದು ಇದ್ದ ಐತಿ."

"ಹುಡುಗ್ರಿಗೇನು ಬ್ಯಾರೆ ಲೋಕ ಐತೇನವ್ವಾ? ನಾವು ಉಣ್ಣೂ ರೊಟ್ಟೀನ ಉಣ್ಣತಾವು, ನಮ್ಮ ಓಣ್ಯಾಗ ಇರತಾವು. ಓಣ್ಯಾಗ ಹೆಣಾ ಬಿದ್ರ ಅವಕ್ಕ ಕಾಣೂದಿಲ್ಲೇನು? ಕದಾ ಮುಚ್ಚಿ ಟಿವಿ ಹಚ್ಚಿಕೊಟ್ರ ಆತೇನು?"

"ಹೌದ್ರಿ, ಕದಾ ಮುಚ್ಚತೇನಿ. ನನ್ನ ಕೂಸಿಗೆ ನಾ ಮುಚ್ಚತೇನಿ."

ಗುರುಪಾದ ಇಬ್ಬರ ನಡುವೆ ಕೂತು ಝುಣಕವನ್ನು ಬೆರಳಿನಿಂದ ಆ ಕಡೆ ಈ ಕಡೆ ಸರಿಸುತ್ತಿದ್ದ. ಕೊನೆಗೆ ಹೇಳಿದ: "ಅವ್ವಾ, ಮನ್ಯಾಗ ಸಂಜಿಗೆ ಹಾಡಸು, ಬ್ಯಾಡನ್ನೂದಿಲ್ಲ. ಸತ್ತ ಮನಿಗೆ ವಾಣಿ ಬ್ಯಾಡ. ಇಕಿ ಹೇಳೂದ್ರಾಗೂ ಖರೇ ಐತಿ."

ಗೌರಕ್ಕ ಮಗನನ್ನು ನೋಡಿದಳು. ತಾಟಿನಲ್ಲಿದ್ದ ಅರ್ಧ ರೊಟ್ಟಿಯನ್ನು ಮಡಚಿ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡಳು. "ಆತಪಾ," ಎಂದಳು, "ನಿಮ್ಮ ಮಗಳು."

ಮರುವಾರವೇ ಭಾಗ್ಯಶ್ರೀ ವಿದ್ಯಾನಗರದಲ್ಲಿ ಮಕ್ಕಳ ಹಾಡಿನ ಕ್ಲಾಸೊಂದನ್ನು ಹುಡುಕಿದಳು. ಪ್ರತಿ ಶನಿವಾರ. ಹಳದಿ ಗೋಡೆಯ ಮೇಲೆ ಆನೆ, ಜಿರಾಫೆಗಳ ಚಿತ್ರ. ಜೀನ್ಸ್ ತೊಟ್ಟ ಮೇಡಂ ಕೀಬೋರ್ಡು ನುಡಿಸುತ್ತ ಚಿಟ್ಟೆಯ ಹಾಡು, ರೈಲಿನ ಹಾಡು ಕಲಿಸುತ್ತಿದ್ದಳು. ಫೀ ಕೇಳಿ ಗುರುಪಾದ ಹುಬ್ಬೇರಿಸಿದ. "ಮನ್ಯಾಗ ಪುಕ್ಕಟೆ ಕಲಿಸಾಕಿ ಒಬ್ಬಾಕಿ ಅದಾಳ," ಎಂದ. ಆದರೂ ಕಟ್ಟಿದ.

ವಾಣಿ ಚಿಟ್ಟೆಯ ಹಾಡನ್ನು ಒಂದೇ ದಿನದಲ್ಲಿ ಕಲಿತಳು. ಆ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ಹೆಣದ ಮುಂದೆ ಹಾಡುವ ಪದದ ಹಾಗೆ ನಿಧಾನವಾಗಿ ಎಳೆದೆಳೆದು ಚಿಟ್ಟೆಯನ್ನು ಹಾಡಿದಳು. ಗೌರಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೀರು ಬಂತು. "ಚಿಟ್ಟಿ ಸತ್ತ ಹೋತಲ್ಲೇ!" ಎಂದಳು. ಭಾಗ್ಯಶ್ರೀಗೂ ನಗು ತಡೆಯಲಾಗಲಿಲ್ಲ. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಮೇಳ ಮಾತ್ರ ತನ್ನಷ್ಟಕ್ಕೆ ತಾನೇ ಕರಗುತ್ತಿತ್ತು. ಒಬ್ಬಳಿಗೆ ಟ್ಯೂಷನ್, ಇನ್ನೊಬ್ಬನಿಗೆ ಅಬಾಕಸ್, ಮತ್ತೊಬ್ಬನ ತಾಯಿಗೆ ಸಂಜೆ ಹೊತ್ತು ಹೊರಗೆ ಬಿಡಲು ಭಯ. ತಪ್ಪದೆ ಬರುತ್ತಿದ್ದವಳು ಪಕ್ಕದ ಮನೆಯ ಶಾಜಿಯಾ. ಗ್ಯಾರೇಜಿನ ದಸ್ತಗೀರಸಾಬನ ಮೊಮ್ಮಗಳು, ವಾಣಿಯ ವಾರಿಗೆಯವಳು. ನಡೆಯಲು ಕಲಿತಾಗಿನಿಂದ ಆ ಪಡಸಾಲೆಯಲ್ಲಿ ತಾಳ ಹಿಡಿದು ಕೂತವಳು. ಈಗ ಅರಬ್ಬೀ ಪಾಠಕ್ಕೆ ಹೋಗುವ ಮುಂಚೆ ತಲೆಗೆ ದುಪಟ್ಟಾ ಸುತ್ತಿಕೊಂಡೇ ಬಂದು ಎರಡು ಪದಕ್ಕೆ ತಾಳ ಹಾಕಿ ಓಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಗೌರಕ್ಕ ಹಿಟ್ಟು ನಾದುತ್ತಿದ್ದಾಗ ಭಾಗ್ಯಶ್ರೀ ಅವಳ ಕಣ್ಣು ನೋಡಿದಳು. ಬಿಳಿ ಇರಬೇಕಾದಲ್ಲಿ ಅರಿಸಿನದ ಬಣ್ಣ.

"ಅತ್ತಿ, ಇತ್ತಿತ್ತಲಾಗ ಹಸಿವಿ ಆಗತೈತೇನ್ರಿ?"

"ವಯಸ್ಸಾತವ್ವಾ. ಹಸಿವಿ ಎಲ್ಲಿಂದ ಬರಬೇಕು?"

ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನು, ರಕ್ತ, ಮತ್ತೆ ಸ್ಕ್ಯಾನು. ಪಿತ್ತಕೋಶದಲ್ಲಿ ಹುಟ್ಟಿದ ಗಡ್ಡೆ ಯಕೃತ್ತಿಗೆಲ್ಲ ಹಬ್ಬಿತ್ತು. ಡಾಕ್ಟರು ಭಾಗ್ಯಶ್ರೀಯನ್ನು ಒಳಗೆ ಕರೆದು, ಜೊತೆಯಲ್ಲಿ ಕೆಲಸ ಮಾಡುವವಳೆಂದು ಬಿಚ್ಚಿ ಹೇಳಿದರು. ಕತ್ತರಿಸಿ ಪ್ರಯೋಜನವಿಲ್ಲ. ನೋವಾಗದಂತೆ ನೋಡಿಕೊಳ್ಳಬಹುದು, ಅಷ್ಟೇ.

ಗೌರಕ್ಕ ಆಸ್ಪತ್ರೆಯಲ್ಲಿ ಇರಲೊಪ್ಪಲಿಲ್ಲ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮಂಚ ಹಾಕಿದರು. ಭಾಗ್ಯಶ್ರೀ ರಜೆ ಹಾಕಿದಳು. ಅತ್ತೆಯ ಮೈ ಒರೆಸುವುದು, ಬೆನ್ನಿಗೆ ಪೌಡರು ಹಾಕಿ ಮಗ್ಗುಲು ತಿರುಗಿಸುವುದು, ಅಕ್ಕಿಗಂಜಿಯನ್ನು ಸೋಸಿ ಚಮಚೆಯಲ್ಲಿ ಹಾಕುವುದು, ಹೊತ್ತುಹೊತ್ತಿಗೆ ಗುಳಿಗೆ. ವಾರ್ಡಿನಲ್ಲಿ ಮಾಡುತ್ತಿದ್ದುದೇ. ಆದರೆ ಇಲ್ಲಿ ಒಂದೊಂದು ಗುಳಿಗೆಯನ್ನೂ ಎರಡೆರಡು ಸಲ ಎಣಿಸುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ, ಇವಳು ನರ್ಸಿಂಗ್ ಮುಗಿಸಬೇಕೆಂದಾಗ, ಬಳಗದವರೆಲ್ಲ ಬೇಡವೆಂದಿದ್ದರು. ಆಗ ಒಬ್ಬಳೇ ಹೂಂ ಅಂದವಳು ಈ ಗೌರಕ್ಕ. ಕೂಸು ವಾಣಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಪದ ಹಾಡಿ ಮಲಗಿಸಿ, ಸೊಸೆಯನ್ನು ಡ್ಯೂಟಿಗೆ ಕಳಿಸಿದ್ದವಳು.

ವಾಣಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. "ಅಜ್ಜಿಗೆ ಆರಾಮ ಆಗತೈತಲ್ಲ ಮಮ್ಮಿ?"

"ಆಗತೈತವಾ. ಔಷಧ ಹಾಕಾಕತ್ತೇವಲ್ಲ."

"ಖರೇನ?"

"ಖರೇನ."

ಒಂದು ಮಧ್ಯಾಹ್ನ, ಹುಡುಗಿ ಸಾಲೆಗೆ ಹೋಗಿದ್ದಾಗ, ಗೌರಕ್ಕ ಸೊಸೆಯ ಕೈ ಹಿಡಿದುಕೊಂಡಳು. "ಭಾಗ್ಯಾ, ನನಗೆಲ್ಲಾ ಗೊತ್ತೈತಿ. ನೀ ಮುಚ್ಚಬ್ಯಾಡ. ಒಂದ ಮಾತ ಕೇಳತೇನಿ. ನಾ ಹೋಗೂ ಮುಂದ ಹುಡುಗಿ ನನ್ನ ಬಾಜೂ ಇರ್ಲಿ. ಒಂದ ಪದ ಹಾಡ್ಲಿ. ಹೋದ ಮ್ಯಾಲೂ ಅಕೀನ ಪದ ಎತ್ಲಿ."

ಭಾಗ್ಯಶ್ರೀ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮನೆಯಲ್ಲಿದ್ದು ಯಾರಿಗೂ ಹೇಳದಿದ್ದುದನ್ನು ಹೇಳಿದಳು.

"ನಮ್ಮಪ್ಪ ಹೋದಾಗ ನಾ ಎರಡನೇ ಇಯತ್ತೆ ಇದ್ದೆನ್ರಿ ಅತ್ತಿ. ನನಗೂ ಪದ ಬರತಿದ್ದುವು. ಅವ್ವನ್ನ ಒಳಗ ಹಿಡಕೊಂಡು ಕುಂತಿದ್ರು. ನನ್ನ ತಂದು ಅಪ್ಪನ ಮುಂದ ಕುಂದ್ರಿಸಿದ್ರು. ಅಳಬ್ಯಾಡ, ಹಾಡು ಅಂದ್ರು. ನೀ ಅತ್ರ ನಿಮ್ಮಪ್ಪ ಹಾದ್ಯಾಗ ನಿಂದರತಾನ ಅಂದ್ರು. ನಾ ಹಾಡಿದೆ. ಎತ್ತೂ ತನಕ ಹಾಡಿದೆ. ಎಲ್ಲಾರೂ ಎಷ್ಟ ಶಾಣ್ಯಾ ಕೂಸು ಅಂದ್ರು. ಆಮ್ಯಾಲೆ ಅಳಬೇಕಂದ್ರ ನನಗ ಅಳು ಬರಲೇ ಇಲ್ರಿ. ಇವತ್ತಿಗೂ ಬಂದಿಲ್ಲ. ಊದಿನಕಡ್ಡಿ ಸೈತ ನನ್ನ ಕೈಯಿಂದ ಹಚ್ಚೂದಿಲ್ಲ."

"ಅಯ್ಯ ನನ್ನ ಕೂಸ," ಎಂದಳು ಗೌರಕ್ಕ. ಒಣಗಿದ ಕೈಯಿಂದ ಸೊಸೆಯ ಮೊಣಕೈ ಸವರಿದಳು. ಸವರುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ, ನಾಚಿಕೊಂಡವಳ ಹಾಗೆ, ಸಣ್ಣ ದನಿಯಲ್ಲಿ ಹೇಳಿದಳು: "ಆದ್ರೂ ಕೇಳತೇನಿ ಭಾಗ್ಯಾ. ನನಗ ಅಕಿ ದನಿ ಬೇಕವ್ವಾ."

"ನೋಡೂಣ್ರಿ," ಎಂದಳು ಭಾಗ್ಯಶ್ರೀ. ಆ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಗೌರಕ್ಕನಿಗೂ ಅದು ಗೊತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಸಾಲೆ ಸೂಟಿಯಾಯಿತು. ಗೌರಕ್ಕ ಆಗಲೇ ದಿನದ ಹೆಚ್ಚು ಹೊತ್ತು ಮಂಪರಿನಲ್ಲಿರುತ್ತಿದ್ದಳು. ಭಾಗ್ಯಶ್ರೀಯ ಅಕ್ಕ ನಾಗರತ್ನಾಳ ಮನೆ ಸುಳ್ಳ ಎಂಬ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಎಮ್ಮೆ, ಮಾವಿನ ಗಿಡ, ವಾರಿಗೆಯ ಹುಡುಗರು. ವಾಣಿಯ ಬಟ್ಟೆಗಳನ್ನು ಚೀಲಕ್ಕೆ ತುಂಬಿದ್ದಾಯಿತು.

"ನಾ ಹೋಗೂದಿಲ್ಲ. ಅಜ್ಜಿ ಹಂತ್ಯಾಕ ಇರತೇನಿ."

"ಅಜ್ಜಿಗೆ ವಿಶ್ರಾಂತಿ ಬೇಕವಾ. ನೀ ಬರೂದ್ರಾಗ ಎದ್ದು ಓಡ್ಯಾಡತಾರ ನೋಡು."

ಹೊರಗೆ ಆಟೋ ನಿಂತಿತ್ತು. ವಾಣಿ ಮಂಚದ ಹತ್ತಿರ ಹೋಗಿ ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಅಲ್ಲೇ ನಿಂತಳು. "ಅಜ್ಜಿ, ಒಂದ ಪದ ಹಾಡ್ಲೇನು?"

"ಅಜ್ಜಿಗೆ ನಿದ್ದಿ ಹತ್ತೈತಿ ವಾಣೀ. ಎಬ್ಬಸಬ್ಯಾಡ. ಬಂದ ಮ್ಯಾಲೆ ಹಾಡುವಂತಿ."

ಗೌರಕ್ಕನಿಗೆ ನಿದ್ದೆ ಹತ್ತಿರಲಿಲ್ಲ. ಅವಳು ಕಣ್ಣು ತೆರೆದು, ಮೊಮ್ಮಗಳ ಹೆಗಲ ಮೇಲಿಂದ ಸೊಸೆಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ತಾನೇ ಮತ್ತೆ ಕಣ್ಣು ಮುಚ್ಚಿದಳು. ಹುಡುಗಿ ತಿರುಗಿ ನೋಡಿದಾಗ ನಿದ್ದೆ ಮಾಡುವವಳ ಹಾಗೆಯೇ ಉಸಿರಾಡುತ್ತಿದ್ದಳು.

ಸುಳ್ಳದಿಂದ ದಿನಾ ಫೋನು ಬರುತ್ತಿತ್ತು. "ಅಜ್ಜಿಗೆ ಕೊಡು," ಎನ್ನುತ್ತಿದ್ದಳು ವಾಣಿ. "ಈಗ ಮಲಗ್ಯಾರ," "ಈಗ ಜಳಕಕ್ಕ ಹೋಗ್ಯಾರ," ಎನ್ನುತ್ತಿದ್ದಳು ಭಾಗ್ಯಶ್ರೀ. ಗುರುಪಾದ ಅಂಗಡಿಯಿಂದ ಬಂದು ತಾಯಿಯ ಕಾಲ ಹತ್ತಿರ ಕೂಡುತ್ತಿದ್ದ. "ಕರಕೊಂಡ ಬರಲೇನು?" ಎಂದು ಕೇಳುತ್ತಿದ್ದ. "ಒಂದೆರಡು ದಿನ ನೋಡೂಣ್ರಿ. ಈ ಮಾರಿ ನೋಡಿದ್ರ ಹುಡುಗಿ ಹೆದರತಾಳ," ಎನ್ನುತ್ತಿದ್ದಳು ಅವಳು. ಗೌರಕ್ಕನ ಕೆನ್ನೆ ಒಳಗೆ ಹೋಗಿ, ಹಲ್ಲು ಮುಂದೆ ಬಂದು, ಅವಳು ನಿಜಕ್ಕೂ ಬೇರೆ ಯಾರೋ ಆಗಿದ್ದಳು.

ಒಂದು ಮುಂಜಾನೆ ಭಾಗ್ಯಶ್ರೀ ಚಮಚೆಯಿಂದ ಹಾಕಿದ ನೀರು ಗೌರಕ್ಕನ ಬಾಯಿಯ ಅಂಚಿನಿಂದ ಹಾಗೇ ಹರಿದು ಬಂತು. ಅವಳು ಎಷ್ಟೋ ಜನರ ನಾಡಿ ಹಿಡಿದು ನೋಡಿದವಳು. ಅತ್ತೆಯ ನಾಡಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ನೋಡಿದಳು.

ಗುರುಪಾದ ಗೋಡೆಗೆ ಹಣೆ ಹಚ್ಚಿ ಅತ್ತ. ಆಮೇಲೆ ಮುಖ ಒರೆಸಿಕೊಂಡು ಮೊಳೆಯ ಮೇಲಿದ್ದ ಬೈಕಿನ ಕೀಲಿ ತೆಗೆದುಕೊಂಡ.

"ಎಲ್ಲಿಗ್ರಿ?"

"ಸುಳ್ಳಕ್ಕ. ವಾಣೀನ್ನ ಕರಕೊಂಡ ಬರತೇನಿ."

ಭಾಗ್ಯಶ್ರೀ ಬಾಗಿಲಲ್ಲಿ ನಿಂತಳು. "ಬ್ಯಾಡ್ರಿ. ನಿಮ್ಮ ಕಾಲ ಬೀಳತೇನಿ. ಬಂದ್ರ ಎಲ್ಲಾರೂ ಸೇರಿ ಅಕಿನ್ನ ಹೆಣದ ಮುಂದ ಕುಂದ್ರಸತಾರ, ಹಾಡು ಅಂತಾರ. ನಾ ಬ್ಯಾಡ ಅಂದ್ರ ಇವತ್ತ ಯಾರ ಕೇಳತಾರ?"

"ಅವ್ವ ನನಗೂ ಬಾಯಿಬಿಟ್ಟ ಕೇಳಿದ್ಲು ಭಾಗ್ಯಾ. ಇಲ್ಲಿಂದ ಎಷ್ಟ ದೂರ ಐತಿ ಸುಳ್ಳ? ಅರ್ಧ ತಾಸು."

"ಅತ್ತಿ ಈಗ ಹೋಗ್ಯಾರ್ರಿ. ಅವರಿಗೆ ಕೇಳಸೂದಿಲ್ಲ. ಹುಡುಗಿ ಇನ್ನೂ ಬಾಳ ದಿನ ಬದುಕಬೇಕು."

ಓಣಿಯ ಹೆಂಗಸರು ಆಗಲೇ ಒಳಗೆ ಬರುತ್ತಿದ್ದರು. ಗುರುಪಾದ ಕೀಲಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಕೊನೆಗೆ ಅದನ್ನು ಮತ್ತೆ ಮೊಳೆಗೆ ತೂಗುಹಾಕಿದ.

"ನಾಳೆ ಅಕಿ ಕೇಳಿದ್ರ ನೀನ ಉತ್ತರಾ ಕೊಡು," ಎಂದ. "ನನ್ನ ಕಡೆ ಇಲ್ಲ."

ಗೌರಕ್ಕನಿಗೆ ಜಳಕ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಕೂಡಿಸಿದರು. ಇಡೀ ಓಣಿ ಬಂತು. ಹಮಾಲ ಮೈಲಾರಿ ಬಂದು ಬಾಗಿಲಲ್ಲೇ ಕುಸಿದು ಕೂತ. "ನನ್ನ ಮಗನ್ನ ಕಳಿಸಿ ಕೊಟ್ಟಾಕಿ ನೀನ ಹೊಂಟಿ ಏನವಾ," ಎಂದು ಅತ್ತ. ಮೇಳದ ಮಕ್ಕಳಲ್ಲಿ ಉಳಿದವರು ನಾಲ್ಕೈದು ಜನ ಬಂದು ಮುಂದೆ ಕೂತರು. ಶಾಜಿಯಾ ತಾಳ ಹಿಡಿದು ಬದಿಗೆ ಕೂತಳು. ಅವಳ ತಾಯಿ ಮಾಬೂಬಿ ಹಿಂದೆಯೇ ನಿಂತಿದ್ದಳು. ಆದರೆ ಪದ ಎತ್ತುವವರು ಯಾರೂ ಇರಲಿಲ್ಲ. ಒಬ್ಬ ಹುಡುಗ ಬಹಳ ಮೇಲೆ ಎತ್ತಿ, ಎರಡನೆಯ ಸಾಲಿಗೆ ದನಿ ಏರದೆ ನಿಲ್ಲಿಸಿಬಿಟ್ಟ. ಇನ್ನೊಬ್ಬಳಿಗೆ ಮಾತು ಮರೆತುಹೋಯಿತು. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. "ಮೊಮ್ಮಗಳೆಲ್ಲಿ?" ಎಂದು ಯಾರೋ ಕೇಳಿದರು. ಕಡೆಗೆ ಯಾರದೋ ಮಗ ಮೊಬೈಲಿನಲ್ಲಿ ಭಜನೆ ಹುಡುಕಿ, ಕರಿಯ ಸ್ಪೀಕರೊಂದನ್ನು ತಂದು ಕಿಟಕಿಯಲ್ಲಿಟ್ಟ. ನಡುವೆ ಒಮ್ಮೆ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಬಂತು. ಅವನು ಓಡಿ ಬಂದು ಅದನ್ನು ದಾಟಿಸಿದ. ಎತ್ತುವ ತನಕ ಅದೇ ನುಡಿಯಿತು.

ಭಾಗ್ಯಶ್ರೀ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. ಊದಿನಕಡ್ಡಿಯ ಹೊಗೆ ಕೋಣೆ ತುಂಬಿತ್ತು. ಅವಳಿಗೆ ಅಳು ಬರಲಿಲ್ಲ.

ದಿವಸದ ಕಾರ್ಯವೆಲ್ಲ ಮುಗಿದ ಮೇಲೆ ವಾಣಿಯನ್ನು ಕರೆತರುವುದೆಂದಾಯಿತು. ಹೇಗೆ ಹೇಳಬೇಕೆಂದು ಭಾಗ್ಯಶ್ರೀ ವಾರ್ಡಿನ ಗೆಳತಿ ಫಿರದೋಸಳನ್ನು ಕೇಳಿದ್ದಳು. ಕೂಡಿಸಿಕೊಂಡು, ಕೈ ಹಿಡಿದು, ನೇರವಾಗಿ ಹೇಳಬೇಕೆಂದು ಅವಳು ಹೇಳಿದ್ದಳು. ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡು, ಮಗಳಿಗಿಷ್ಟವೆಂದು ಚುರಮುರಿ ಸೂಸಲ ಮಾಡಿ ಕಾಯುತ್ತಿದ್ದಳು.

ಗುರುಪಾದನ ಬೈಕು ಓಣಿಯ ತಿರುವಿಗೆ ಬಂದಾಗ ಶಾಜಿಯಾ ಕಿರಾಣಿ ಅಂಗಡಿಯ ಮುಂದೆ ನಿಂತಿದ್ದಳು. ವಾಣಿ ಇಳಿದು ಅವಳ ಕಡೆ ಓಡಿದಳು. ಗುರುಪಾದ ತಡೆಯಲಿಲ್ಲ. ಬೈಕು ನಿಲ್ಲಿಸಿ ಅಲ್ಲೇ ಕೂತ.

"ಎಲ್ಲಿ ಹೋಗಿದ್ದೆಲೇ?" ಎಂದಳು ಶಾಜಿಯಾ. "ನಿಮ್ಮಜ್ಜಿ ಮಣ್ಣಿಗೆ ನಾವೆಲ್ಲಾರೂ ಬಂದಿದ್ವಿ. ನಿನ್ನ ದಾರಿ ನೋಡಿದ್ವಿ. ಪದ ಎತ್ತಾಕ ಬರಲೇ ಇಲ್ಲ ಯಾರಿಗೂ."

ವಾಣಿ ಮನೆಯೊಳಗೆ ಬಂದಾಗ ಓಡುತ್ತಿರಲಿಲ್ಲ. ನೇರ ಅಜ್ಜಿಯ ಕೋಣೆಗೆ ಹೋದಳು. ಮಂಚ ತೆಗೆದಿದ್ದರು. ನೆಲ ಸಾರಿಸಿತ್ತು. ಭಾಗ್ಯಶ್ರೀ ಹಿಂದೆ ಹೋಗಿ ಕೈ ಹಿಡಿಯಲು ನೋಡಿದಳು. ಹುಡುಗಿ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅಜ್ಜಿ ಕಡೀಕ ಏನ ಉಂಡಿದ್ಲು?"

"ಗಂಜಿ ನೀರವಾ. ಎರಡ ಚಮಚಿ."

"ನನ್ನ ಕೇಳಿದ್ಲೇನು?"

ಭಾಗ್ಯಶ್ರೀ ಹೌದೆಂದು ಗೋಣು ಹಾಕಿದಳು.

"ಯಾರ ಹಾಡಿದ್ರು?"

"ಮೊಬೈಲಿನ್ಯಾಗ ಹಚ್ಚಿದ್ರು."

ವಾಣಿ ಸ್ವಲ್ಪ ಹೊತ್ತು ಖಾಲಿ ನೆಲವನ್ನು ನೋಡಿದಳು. ಆಮೇಲೆ ಹೋಗಿ ಸೂಸಲ ತಿಂದಳು. ತಾಟು ತೊಳೆದಿಟ್ಟಳು. ಅಳಲಿಲ್ಲ, ಕೂಗಲಿಲ್ಲ. ಗುರುಪಾದ ಹೆಂಡತಿಯ ಮುಖ ನೋಡದೆ ಅಂಗಡಿಗೆ ಹೋದ.

ಅಂದಿನಿಂದ ಆ ಮನೆಯಲ್ಲಿ ಹಾಡು ನಿಂತಿತು. ಸಂಜೆ ಭಾಗ್ಯಶ್ರೀಯೇ ದೀಪ ಹಚ್ಚುತ್ತಿದ್ದಳು. ಶಾಜಿಯಾ ಒಂದೆರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದಳು. ವಾಣಿ ವಿದ್ಯಾನಗರದ ಕ್ಲಾಸಿಗೆ ಒಲ್ಲೆನೆಂದಳು, ಕಾರಣ ಹೇಳಲಿಲ್ಲ. ಜೂನಿನಲ್ಲಿ ಸಾಲೆ ಶುರುವಾದ ಮೇಲೆ ಟೀಚರು ಫೋನು ಮಾಡಿದರು. ಮುಂಜಾನೆಯ ಪ್ರಾರ್ಥನೆಗೆ ವಾಣಿ ಯಾವಾಗಲೂ ಮುಂದೆ ನಿಂತು ಹಾಡುವವಳು, ಈಗ ಹಿಂದಿನ ಸಾಲಿನಲ್ಲಿ ತುಟಿ ಮುಚ್ಚಿಕೊಂಡು ನಿಲ್ಲುತ್ತಾಳೆ, ಮನೆಯಲ್ಲಿ ಏನಾದರೂ ಆಗಿದೆಯೇ ಎಂದು ಕೇಳಿದರು.

ಮಗಳು ಜಗಳವಾಡಿದ್ದರೆ ಭಾಗ್ಯಶ್ರೀಗೆ ಹಗುರವಾಗುತ್ತಿತ್ತು. ಹುಡುಗಿ ಹೇಳಿದ ಕೆಲಸ ಮಾಡುತ್ತಿದ್ದಳು, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು. ಬದಲಾದದ್ದು ಒಂದೇ. ತಾಯಿಯ ಯಾವ ಮಾತನ್ನೂ ಅವಳು ನಂಬುತ್ತಿರಲಿಲ್ಲ. ಗುರುಪಾದ ಬರುವುದು ತಡವಾದರೆ, ಪೇಟೆಯಲ್ಲಿ ಮಾಲು ಜಾಸ್ತಿ ಬಂದಿದೆಯೆಂದು ಭಾಗ್ಯಶ್ರೀ ಹೇಳಿದರೆ, ಸುಮ್ಮನೆ ಫೋನು ತೆಗೆದುಕೊಂಡು ತಾನೇ ಮಾಡುವಳು. "ಪಪ್ಪಾ, ನೀನೇನು? ಎಲ್ಲಿ ಅದಿ? ಮಾತಾಡು ಇನ್ನಷ್ಟು." ಒಮ್ಮೆ ಭಾಗ್ಯಶ್ರೀಗೆ ಜ್ವರ ಬಂದು ಮಲಗಿದಾಗ ಹುಡುಗಿ ಹೊಸ್ತಿಲ ಮೇಲೆ ಕೂತು, ಹೊರಗೆ ಆಡಲು ಹೋಗದೆ, ತಾಯಿಯ ಹೊದಿಕೆ ಏರಿಳಿಯುವುದನ್ನು ನೋಡುತ್ತಿದ್ದಳು.

"ಸಾದಾ ಜ್ವರಾ ವಾಣೀ. ನಾಳೆ ಆರಾಮ ಆಗತೇನಿ."

"ಅಜ್ಜಿಗೂ ಹಂಗ ಅಂದಿದ್ದಿ."

ಭಾಗ್ಯಶ್ರೀ ಎದ್ದು ಕೂತಳು. "ನಾ ತಪ್ಪ ಮಾಡಿದೆ ವಾಣೀ. ನಿನ್ನ ಕಳಸಬಾರದಿತ್ತು. ಸುಳ್ಳ ಹೇಳಬಾರದಿತ್ತು. ನಿನಗ ತ್ರಾಸ ಆಗಬಾರದಂತ ಮಾಡಿದೆ."

ವಾಣಿ ಮಡಿಲಲ್ಲಿದ್ದ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. "ಹೂಂ," ಎಂದಳು. ಅಂಚು ಮಡಚಿ ಅಂಟು ಹಚ್ಚಿದಳು. "ಬಂದ ಮ್ಯಾಲೆ ಹಾಡುವಂತಿ ಅಂದಿ. ಆವಾಗ ಅಜ್ಜಿ ಎಚ್ಚರ ಇದ್ಲೇನು?"

"ಎಚ್ಚರ ಇದ್ರು."

ಹುಡುಗಿ ಪುಸ್ತಕ ತಿರುಗಿಸಿ ಇನ್ನೊಂದು ಅಂಚು ಮಡಚಿದಳು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒಂದು ಮುಂಜಾನೆ ಓಣಿಯ ತುದಿಯ ಗುಡ್ಡವ್ವ ತೀರಿಕೊಂಡಳು. ಬುಟ್ಟಿಯಲ್ಲಿ ತಪ್ಪಲುಪಲ್ಯ ಮಾರುತ್ತಿದ್ದ ಮುದುಕಿ. ಗೌರಕ್ಕನಿಗೆ ಅಷ್ಟೇನೂ ಬೇಕಾದವಳಲ್ಲ, ದಿನಾ ಮೆಂತೆಯ ಸಿವುಡಿಗೆ ಜಗಳಾಡುತ್ತಿದ್ದವರು. ಭಾಗ್ಯಶ್ರೀ ಹೋಗಿಬರಲು ಸೀರೆ ಬದಲಿಸುತ್ತಿದ್ದಾಗ ವಾಣಿ ಬಾಗಿಲಿಗೆ ಬಂದು ನಿಂತಳು.

"ನಾನೂ ಬರತೇನಿ."

ಭಾಗ್ಯಶ್ರೀಯ ಕೈ ಸೆರಗಿನಲ್ಲೇ ನಿಂತಿತು. "ಹಾಡಾಕೇನು?"

"ಅಲ್ಲ. ನೋಡಾಕ."

ಇಲ್ಲವೆನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು ಛತ್ರಿ ತೆಗೆದಳು. ಒಂದೇ ಛತ್ರಿಯಲ್ಲಿ ಇಬ್ಬರೂ ಓಣಿ ದಾಟಿದರು.

ಗುಡ್ಡವ್ವನ ಮನೆ ಒಂದೇ ಕೋಣೆಯದು. ಮೂಲೆಯಲ್ಲಿ ಪಲ್ಯದ ಬುಟ್ಟಿ ಬೋರಲು ಹಾಕಿತ್ತು. ಹೆಂಗಸರು ಗೋಡೆಗೊತ್ತಿ ಕೂತಿದ್ದರು. ವಾಣಿ ನಡುವೆ ಹೋಗಿ ನಿಂತು, ಮುದುಕಿಯ ಮುಖವನ್ನು, ಕಟ್ಟಿದ ಗದ್ದವನ್ನು, ಮುಚ್ಚಿದ ರೆಪ್ಪೆಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಭಾಗ್ಯಶ್ರೀ ಅವಳನ್ನು ಎಳೆದು ಪಕ್ಕದಲ್ಲಿ ಕೂಡಿಸಿಕೊಂಡಳು. ಹುಡುಗಿಯ ಮೈ ಕಟ್ಟಿಗೆಯ ಹಾಗಿತ್ತು.

ಆಮೇಲೆ ಅದು ನಡುಗಲು ಶುರುವಾಯಿತು. ಮೊದಲು ಭುಜ, ಆಮೇಲೆ ಗದ್ದ. "ಅಜ್ಜೀ," ಎಂದಳು ವಾಣಿ, ಸಣ್ಣಗೆ. ಮತ್ತೊಮ್ಮೆ, ದೊಡ್ಡದಾಗಿ, "ಅಜ್ಜೀ." ತಾಯಿಯ ತೊಡೆಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಗುಡ್ಡವ್ವನ ಸ್ವಂತ ಮಕ್ಕಳೇ ತಿರುಗಿ ನೋಡಿದರು.

"ಗುಡ್ಡವ್ವಗ ಇಷ್ಟ ಅಳೂ ಕೂಸು ಯಾರದವ್ವಾ ಇದು?" ಎಂದು ಹೊರಗಿನಿಂದ ಬಂದ ಹೆಂಗಸೊಬ್ಬಳು ಕೇಳಿದಳು.

"ಅಯ್ಯ, ಗೌರಕ್ಕಾರ ಮೊಮ್ಮಗಳಲ್ಲೇನು!" ಎಂದಳು ಇನ್ನೊಬ್ಬಳು. "ಭಾಗ್ಯಕ್ಕಾ, ಒಂದ ಪದ ಹಾಡಸ್ರಿ ಅಕಿ ಕಡೆಯಿಂದ. ಮುದುಕಿಗೆ ಒಂದ ಪದಾನೂ ಆಗಿಲ್ಲ ಇನ್ನೂ."

ಎಲ್ಲರೂ ಇವರ ಕಡೆ ನೋಡಿದರು. ಭಾಗ್ಯಶ್ರೀ ಮಗಳ ತಲೆಯ ಮೇಲೆ ಕೈಯಿಟ್ಟಳು. ಮಳೆಯಲ್ಲಿ ನೆನೆದ ಕೂದಲು ತಣ್ಣಗಿತ್ತು. ಒಳಗಿನ ನೆತ್ತಿ ಬೆಂಕಿಯ ಹಾಗೆ ಬಿಸಿಯಿತ್ತು.

"ಇಲ್ರಿ," ಎಂದಳು. ಅವಳ ದನಿಯೂ ಒಡೆದಿತ್ತು. "ಈಗ ಅಳಾಕತ್ತಾಳ. ಅಳ್ಲಿ ಬಿಡ್ರಿ."